ಮೇಜಿನಿಂದ ಬಿದ್ದ ಗ್ರೇಹೌಂಡ್

ಬೆಳಗ್ಗೆ ಒರೆಸುವಾಗ ಕೈ ತಾಗಿ ಗಾಡಿ ಮೇಜಿನಿಂದ ಟಪ್ಪೆಂದು ಬಿತ್ತು. ಎತ್ತಿ ನೋಡಿದರೆ ಒಂದು ಚಕ್ರ ಕಳಚಿತ್ತು, ಅಷ್ಟೆ.

ಅದು ಎಂ8 ಗ್ರೇಹೌಂಡ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಓಡಿಸಿದ ಆರು ಚಕ್ರದ ಕವಚದ ಗಾಡಿ. ಒಳಗೆ ನಾಲ್ವರು. ಕಾದಾಟಕ್ಕಿಂತ ಹೆಚ್ಚಾಗಿ ಶತ್ರು ಎಲ್ಲಿದ್ದಾನೆಂದು ನೋಡಿ, ಓಡಿ ಬಂದು ಹೇಳುವುದೇ ಅದರ ಕೆಲಸ. ಓಟಕ್ಕೆ ಹೆಸರಾದ ನಾಯಿಯ ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪಿತ್ತು. ನನ್ನ ಮೇಜಿನ ಮೇಲಿರುವುದು 35ರಲ್ಲಿ ಒಂದು ಅಳತೆಯ ಪ್ಲಾಸ್ಟಿಕ್ ಮಾದರಿ. ನಿಜವಾದ ಗಾಡಿ 5 ಮೀಟರ್ ಉದ್ದ, ಇದು 14 ಸೆಂಟಿಮೀಟರ್ ಚಿಲ್ಲರೆ.

ಮೇಜಿನ ಎತ್ತರ 75 ಸೆಂಟಿಮೀಟರ್. 35ರಿಂದ ಗುಣಿಸಿ. 26 ಮೀಟರ್! ನಿಜವಾದ ಗಾಡಿ ಎಂಟು ಮಹಡಿ ಮೇಲಿಂದ ಬಿದ್ದರೆ ಗುಜರಿಗೆ ಹಾಕಬೇಕಾಗುತ್ತದೆ. ಇದಕ್ಕೇಕೆ ಹೆಚ್ಚೇನೂ ಆಗಲಿಲ್ಲ?

ಒಂದು ಚೌಕಾಕಾರದ ಮೈಸೂರು ಪಾಕ್ ನೆನಪಿಸಿಕೊಳ್ಳಿ. ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಬೇಕೆಂದರೆ ಎಷ್ಟು ತುಂಡು ಬೇಕು? ಎರಡಲ್ಲ, ಎಂಟು. ತೂಕ ಹಾಗೆ ನೆಗೆಯುತ್ತದೆ. ಕುಗ್ಗಿಸುವಾಗ ಅದೇ ವೇಗದಲ್ಲಿ ಇಳಿಯುತ್ತದೆ: 35 × 35 × 35, ಅಂದರೆ 42,875 ಪಟ್ಟು. ನಿಜವಾದ ಗ್ರೇಹೌಂಡ್ ತೂಗುತ್ತಿದ್ದುದು ಸುಮಾರು 7,900 ಕಿಲೋ. ಉಕ್ಕಿನಲ್ಲೇ ಕುಗ್ಗಿಸಿದ್ದರೂ ಸುಮಾರು 184 ಗ್ರಾಂ ಆಗುತ್ತಿತ್ತು, ಒಂದು ಒಳ್ಳೆಯ ಸೀಬೆಹಣ್ಣಿನಷ್ಟು! ಆದರೆ ತಗಡಿನ ಗಟ್ಟಿತನ ಅದರ ಅಡ್ಡಕೊಯ್ತದ ಮೇಲೆ ನಿಂತಿದೆ. ಅದು ಕುಗ್ಗುವುದು 35 × 35, ಬರೀ 1,225 ಪಟ್ಟು. ಭಾರ ಬಹಳ ಇಳಿಯಿತು, ಬಲ ಅಷ್ಟು ಇಳಿಯಲಿಲ್ಲ. ಮರದಿಂದ ಬಿದ್ದ ಇರುವೆ ಎದ್ದು ನಡೆಯುವುದರ ಹಿಂದೆಯೂ ಈ ಲೆಕ್ಕವಿದೆ.

ನನಗೆ ಇನ್ನೂ ಇಷ್ಟವಾದದ್ದು ಕವಚದ ಲೆಕ್ಕ. ನಿಜವಾದ ಗಾಡಿಯ ಮೈಯ ಅತಿ ದಪ್ಪ ಉಕ್ಕು 19 ಮಿಲಿಮೀಟರ್. ಕುಗ್ಗಿಸಿದರೆ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಅಷ್ಟು ತೆಳ್ಳಗಿನ ಪ್ಲಾಸ್ಟಿಕ್ ಬೆರಳೊತ್ತಿದರೆ ಬಾಗುತ್ತದೆ, ಹಾಗಾಗಿ ಮಾದರಿ ಮಾಡುವವರು ಒಂದು ಮಿಲಿಮೀಟರಿನ ಆಸುಪಾಸು ಇಡುತ್ತಾರೆ. ಅಂದರೆ ಅಳತೆಯ ಪ್ರಕಾರ ಆಟಿಕೆಯ ಕವಚವೇ ಹೆಚ್ಚು ದಪ್ಪ! ನಿಜದ ಗಾಡಿಯ ತಳವಂತೂ ಕೆಲವು ಕಡೆ 3 ಮಿಲಿಮೀಟರ್. ಕುಗ್ಗಿಸಿದರೆ ನೋಟ್‌ಬುಕ್ಕಿನ ಹಾಳೆ. ನೆಲಬಾಂಬಿಗೆ ಹೆದರಿ ಸೈನಿಕರು ಒಳಗೆ ಮರಳಿನ ಚೀಲ ಹಾಸಿಕೊಳ್ಳುತ್ತಿದ್ದರು.

ಕಳಚಿದ ಚಕ್ರವನ್ನು ಅಂಟು ಹಾಕಿ ಮತ್ತೆ ಕೂರಿಸಿದೆ. ಈ ಅಂಟು ಗೋಂದಿನ ಹಾಗಲ್ಲ, ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಎರಡನ್ನೂ ಒಂದಾಗಿ ಬೆಸೆಯುತ್ತದೆ. ಅದರ ಹಬೆ ಒಳ್ಳೆಯದಲ್ಲ. ನೀವು ಅಂಟಿಸುವಾಗ ಕಿಟಕಿ ತೆರೆದಿಡಿ, ದೊಡ್ಡವರೊಬ್ಬರು ಪಕ್ಕದಲ್ಲಿರಲಿ.