ಹೊಲದಲ್ಲಿ ಹೂತ ಯುದ್ಧ

ಉಳುತ್ತಿರುವಾಗ ನೇಗಿಲಿನ ಕುಳಕ್ಕೆ ಏನೋ ತಗುಲಿ ಠಣ್ಣೆಂದಿತು ಎನ್ನಿ. ಎತ್ತು ನಿಲ್ಲಿಸಿ ಕೆದಕಿ ನೋಡುತ್ತೀರಿ. ಅಂಗೈಯಗಲದ ತುಕ್ಕು ಹಿಡಿದ ಕಬ್ಬಿಣ. ಕತ್ತಿಯ ತುಂಡೋ, ಈಟಿಯ ಮೊನೆಯೋ, ಹಳೆಯ ಗುಂಡೋ ತಿಳಿಯದು. ಆಗ ನೀವು ಏನು ಮಾಡುವಿರಿ? ಬದುವಿನಾಚೆ ಎಸೆದರೆ ಅಲ್ಲಿಗೆ ಮುಗಿಯಿತು. ಗುಜರಿಯವನಿಗೆ ಕೊಟ್ಟರೆ ಕಾಫಿಯ ಕಾಸಾದರೂ ಹುಟ್ಟೀತು. ಮನೆಗೆ ತಂದು ಗೂಡಿನಲ್ಲಿಟ್ಟರೆ ಬಂದ ನೆಂಟರಿಗೆ ತೋರಿಸಬಹುದು. ಈ ಮೂರರಲ್ಲಿ ಯಾವುದನ್ನು ಮಾಡಿದರೂ ಒಂದು ನಷ್ಟ ಆಗಿಯೇ ಆಗುತ್ತದೆ. ಆ ನಷ್ಟ ಎಂಥದೆಂದು ನಿಮಗೆ ಹೇಳುವುದೇ ಈ ನಾಲ್ಕು ಮಾತಿನ ಉದ್ದೇಶ.

ಈಗ ನೇಗಿಲು ತಗಲುವ ತನಕ ಕಾಯಬೇಕಾಗಿಯೂ ಇಲ್ಲ. ಲೋಹಶೋಧಕ ಎಂಬ ಯಂತ್ರ ಬಂದಿದೆ. ಉದ್ದನೆಯ ಕೋಲು, ಅದರ ತುದಿಗೆ ತಟ್ಟೆಯಷ್ಟು ಅಗಲದ ಬಿಲ್ಲೆ, ಬಿಲ್ಲೆಯೊಳಗೆ ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ತು ದಿಕ್ಕು ಬದಲಿಸುತ್ತ ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಏರಿಳಿಯುತ್ತದೆ. ಕೆಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ ಸುಳಿಗಳೆದ್ದು ಮೇಲಿನ ಕ್ಷೇತ್ರವನ್ನು ಕದಡುತ್ತವೆ. ಆ ಕದಡಿಕೆಯೇ ಹುಡುಕುವವನ ಕಿವಿಗೆ ಸದ್ದಾಗಿ ಕೇಳುತ್ತದೆ. ಸಾಧಾರಣ ಯಂತ್ರ ಒಂದು ಗೇಣಿನಷ್ಟು ಆಳದ ನಾಣ್ಯವನ್ನು ತಿಳಿಸಬಲ್ಲದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರಿಗೆ ಗುಂಡು ತಗುಲಿದಾಗ, ಟೆಲಿಫೋನಿನಿಂದ ಹೆಸರಾದ ಗ್ರಹಾಂ ಬೆಲ್ ಇಂಥದೊಂದು ಸಾಧನದಿಂದ ಮೈಯೊಳಗಿನ ಗುಂಡನ್ನು ಹುಡುಕಲು ನೋಡಿದರು; ಸಿಕ್ಕಲಿಲ್ಲ. 1942ರಲ್ಲಿ ಎಲ್ ಅಲಮೇನಿನ ಮರಳಿನಲ್ಲಿ ನೆಲಬಾಂಬು ಹುಡುಕಿದ್ದು ಇದೇ ತತ್ತ್ವದ ಯಂತ್ರ. ಯುದ್ಧಕ್ಕೆಂದು ಬೆಳೆದ ವಿದ್ಯೆ ಯುದ್ಧ ಮುಗಿದ ಮೇಲೆ ಹವ್ಯಾಸಿಗಳ ಕೈಗೆ ಬಂದು, ಹಳೆಯ ಯುದ್ಧಗಳನ್ನೇ ಹುಡುಕತೊಡಗಿತು.

ಅಂಥ ಹವ್ಯಾಸಿಗಳಲ್ಲಿ ಟೋನಿ ಕ್ಲನ್ ಎಂಬವರು ಒಬ್ಬರು. ಬ್ರಿಟಿಷ್ ಸೇನೆಯ ಅಧಿಕಾರಿಯಾಗಿ ಜರ್ಮನಿಯ ಓಸ್ನಾಬ್ರುಕ್ ಪಟ್ಟಣದಲ್ಲಿದ್ದರು. ಕ್ರಿ. ಶ. 9ರಲ್ಲಿ ಆ ಸೀಮೆಯ ಎಲ್ಲಿಯೋ ವಾರಸ್ ಎಂಬ ರೋಮನ್ ಸೇನಾನಿ ಮೂರು ದಂಡುಗಳೊಡನೆ ಸಾಗುತ್ತಿದ್ದಾಗ, ಜರ್ಮನ್ ಕುಲಗಳ ನಾಯಕ ಅರ್ಮಿನಿಯಸ್ ಅಡ್ಡಗಟ್ಟಿ ಇಡೀ ಸೈನ್ಯವನ್ನು ನಾಶ ಮಾಡಿದ್ದನು. ಆ ಜಾಗ ಯಾವುದೆಂದು ವಿದ್ವಾಂಸರು ಶತಮಾನಗಳ ಕಾಲ ವಾದಿಸಿದ್ದರು. ಕಾಲ್ಕ್ರೀಸೆ ಗುಡ್ಡದ ಬಳಿಯ ಹೊಲಗಳಲ್ಲಿ ಸಿಕ್ಕಿದ್ದ ರೋಮನ್ ನಾಣ್ಯಗಳನ್ನು ನೋಡಿ, ಅದೇ ಇರಬೇಕೆಂದು ಇತಿಹಾಸಕಾರ ಮೊಮ್ಸೆನ್ 1885ರಲ್ಲಿ ಊಹಿಸಿದ್ದರು. ಊಹೆ ಊಹೆಯಾಗಿಯೇ ಉಳಿದಿತ್ತು.

1987ರಲ್ಲಿ ಕ್ಲನ್ ಯಂತ್ರ ಹಿಡಿದು ಆ ಹೊಲಗಳಿಗೆ ಹೋದರು. ಆದರೆ ಅದಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿದರು. ಅಲ್ಲಿಯ ಪುರಾತತ್ತ್ವಜ್ಞ ಶ್ಲ್ಯೂಟರ್ ಅವರನ್ನು ಕಂಡು ಒಪ್ಪಿಗೆ ಪಡೆದರು. ಹಳೆಯ ಕಾಗದಪತ್ರ, ನಕ್ಷೆಗಳನ್ನು ಓದಿದರು. ಬೆಳ್ಳಿಯ ನಾಣ್ಯಗಳು ಸಿಕ್ಕಾಗ ಕಿಸೆಗೆ ಇಳಿಸಲಿಲ್ಲ; ಎಲ್ಲಿ ಸಿಕ್ಕಿತೆಂದು ಗುರುತಿಟ್ಟು ಶ್ಲ್ಯೂಟರ್ ಅವರ ಮುಂದೆ ಇಟ್ಟರು. ಮುಂದಿನ ವರ್ಷ ಸೀಸದ ಮೂರು ಗುಂಡುಗಳು ಸಿಕ್ಕವು. ಬೊಗಸೆ ಬೆಳ್ಳಿಗಿಂತ ಈ ಮೂರು ಸೀಸದ ಉಂಡೆಗಳ ಬೆಲೆ ದೊಡ್ಡದಾಯಿತು. ಏಕೆಂದರೆ ನಾಣ್ಯವನ್ನು ವ್ಯಾಪಾರಿಯೂ ಬೀಳಿಸಬಹುದು; ಕವಣೆಗೆ ಇಟ್ಟು ಹೊಡೆಯುವ ಗುಂಡನ್ನು ಒಯ್ಯುವವನು ಸೈನಿಕ. 1989ರಿಂದ ಅಲ್ಲಿ ಕ್ರಮವಾದ ಉತ್ಖನನ ನಡೆಯಿತು.

ಇಷ್ಟು ಕಾಲ ಅವು ಉಳಿದದ್ದು ಹೇಗೆ? ಇದಕ್ಕೆ ಉತ್ತರ ರೈತನ ಬಳಿಯೇ ಇದೆ. ಆ ಸೀಮೆಯ ಮಣ್ಣು ಬಡವು. ರೈತರು ಬೀಳಿನಲ್ಲಿ ಹುಲ್ಲುಬೇರು ಸಮೇತ ಮಣ್ಣಿನ ಹೆಂಟೆ ಕಡಿದು ತಂದು, ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿ, ಗೊಬ್ಬರವಾದ ಮೇಲೆ ಹೊಲಕ್ಕೆ ಹೊಡೆಯುತ್ತಿದ್ದರು. ಸೊಪ್ಪು ತರಗೆಲೆ ಹಾಸಿ ಗೊಬ್ಬರ ಮಾಡುವ ನಮ್ಮ ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ನೂರಾರು ವರ್ಷ ಹೀಗೆ ನಡೆದು ಹೊಲದ ಮಟ್ಟವೇ ಏರಿತು. ಯುದ್ಧದ ನೆಲ ಅದರಡಿಯಲ್ಲಿ ಕಂಬಳಿ ಹೊದ್ದಂತೆ ಮಲಗಿತ್ತು.

ಹೊರಬಂದದ್ದು ಏನೇನು? ಸವಾರನೊಬ್ಬನ ಕಬ್ಬಿಣದ ಮುಖವಾಡ. ಅದರ ಮೇಲಿನ ಬೆಳ್ಳಿಯ ತಗಡನ್ನು ಗೆದ್ದವರು ಕಿತ್ತೊಯ್ದಿದ್ದರು. ಗುಂಡಿಗಳಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಮೂಳೆ; ಹೂಳುವ ಮೊದಲು ಅವು ವರ್ಷಗಟ್ಟಲೆ ಬಯಲಿನಲ್ಲಿ ಬಿದ್ದಿದ್ದವೆಂದು ಪರೀಕ್ಷೆ ಹೇಳಿತು. ಯುದ್ಧವಾಗಿ ಆರು ವರ್ಷದ ಮೇಲೆ ರೋಮನ್ನರು ಬಂದು ಸತ್ತವರನ್ನು ಮಣ್ಣು ಮಾಡಿದರೆಂದು ಟಾಸಿಟಸ್ ಬರೆದದ್ದಕ್ಕೆ ಇದು ಹೊಂದುತ್ತದೆ. ಇನ್ನು ಒಂದು ಹೇಸರಗತ್ತೆ. ಅದರ ಕೊರಳಲ್ಲಿ ಗಂಟೆಯಿತ್ತು. ಗಂಟೆಯೊಳಗೆ ಹುಲ್ಲುಕಡ್ಡಿ ತುರುಕಿತ್ತು. ಸದ್ದಾಗದಿರಲೆಂದು ಯಾರೋ ತುರುಕಿರಬೇಕು. ಸುತ್ತ ಶತ್ರು, ಉಸಿರು ಬಿಗಿಹಿಡಿದ ನಡಿಗೆ, ಗಂಟೆಗೆ ಹುಲ್ಲು ತುರುಕುವ ಆ ಅವಸರದ ಕೈ: ಎರಡು ಸಾವಿರ ವರ್ಷದ ಮೇಲೆಯೂ ನಿಮ್ಮ ಕಣ್ಣಿಗೆ ಕಟ್ಟುವುದಿಲ್ಲವೆ?

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಲೋಹಶೋಧಕ ಗಂಟೆಯನ್ನು ಹೇಳುತ್ತದೆ, ಹುಲ್ಲನ್ನು ಹೇಳುವುದಿಲ್ಲ. ಯಾರೋ ಒಬ್ಬ ಕತ್ತಲಲ್ಲಿ ಬಂದು ಗಂಟೆಯನ್ನು ಮಾತ್ರ ಕಿತ್ತು, ಕೊಡವಿ, ತೊಳೆದು ಮಾರಿದ್ದರೆ ಅವನಿಗೆ ಒಂದು ಗಂಟೆ ಸಿಕ್ಕುತ್ತಿತ್ತು. ನಮಗೆ ಆ ರಾತ್ರಿಯ ಭಯ ಸಿಕ್ಕುತ್ತಿರಲಿಲ್ಲ. ನಾನು ಮೊದಲು ಹೇಳಿದ ನಷ್ಟ ಇದೇ. ವಸ್ತುವಿನ ಕಥೆಯಲ್ಲಿ ಅರ್ಧ ವಸ್ತುವಿನೊಳಗಿದೆ; ಉಳಿದರ್ಧ ಅದು ಬಿದ್ದಿದ್ದ ಜಾಗದಲ್ಲಿದೆ. ಜಾಗದಿಂದ ಒಮ್ಮೆ ಬೇರೆ ಮಾಡಿದಿರೋ, ಮತ್ತೆ ಕೂಡಿಸುವ ಉಪಾಯವಿಲ್ಲ. ಇದು ವಾರಸನ ಯುದ್ಧವೋ ಅನಂತರದ ಇನ್ನೊಂದೋ ಎಂದು ಇಂದಿಗೂ ಕೆಲವರು ವಾದಿಸುತ್ತಾರೆ. ಅಲ್ಲಿಯ ಲೋಹದ ತುಣುಕುಗಳ ಬೆರಕೆಯನ್ನು ಪರೀಕ್ಷಿಸಿದವರು, ಅದು ವಾರಸನ ಮೂರು ದಂಡುಗಳಲ್ಲಿ ಒಂದಾದ 19ನೆಯ ದಂಡಿನ ಲೋಹಕ್ಕೆ ಹೋಲುತ್ತದೆಂದು 2022ರಲ್ಲಿ ತಿಳಿಸಿದರು. ಒಂದೊಂದು ತುಣುಕೂ ಎಲ್ಲಿ ಸಿಕ್ಕಿತೆಂದು ಬರೆದಿಟ್ಟದ್ದರಿಂದಲೇ ಈ ವಾದವೂ ಸಾಧ್ಯ, ಪರೀಕ್ಷೆಯೂ ಸಾಧ್ಯ.

ದೂರದ ಮಾತು ಸಾಕು. ಶಿವಮೊಗ್ಗ ಜಿಲ್ಲೆಯ ನಗರವನ್ನು ನೀವು ಬಲ್ಲಿರಿ. ಕೆಳದಿಯ ಅರಸರ ಬಿದನೂರು ಅದು. 1763ರಲ್ಲಿ ಹೈದರಾಲಿಯ ವಶವಾಯಿತು. ಅಲ್ಲಿಯ ಒಂದು ಪಾಳುಬಾವಿಯ ಹೂಳಿನಲ್ಲಿ 2002ರಲ್ಲಿ ಸುಮಾರು ಒಂದು ಗೇಣುದ್ದದ ಕಬ್ಬಿಣದ ಕೊಳವೆಗಳು ಸಿಕ್ಕವು. ಏನೋ ಹಳೆಯ ಗುಂಡುಗಳೆಂದು ಅವನ್ನು ಎತ್ತಿಟ್ಟದ್ದಾಯಿತು. ಅವು ಇಂಗ್ಲಿಷರನ್ನು ನಡುಗಿಸಿದ ಮೈಸೂರಿನ ರಾಕೆಟ್ಟುಗಳೆಂದು ತಿಳಿಯಲು ವರ್ಷಗಳೇ ಹಿಡಿದವು. ತಿಳಿದ ಮೇಲೆ, ಹಿಂದೆ ಅವು ದೊರೆತ ಜಾಗ ಗೊತ್ತಿದ್ದುದರಿಂದ, ಪುರಾತತ್ತ್ವ ಇಲಾಖೆಯವರು ಬಾವಿಗೆ ಮರಳಿ ಬಂದರು. 2018ರಲ್ಲಿ ಹೂಳು ತೆಗೆಸಿದಾಗ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಮೊದಲ ಕೊಳವೆಗಳು ಗುಜರಿಗೆ ಹೋಗಿದ್ದರೆ ಈ ಸಾವಿರವೂ ಬಾವಿಯಲ್ಲಿಯೇ ಉಳಿಯುತ್ತಿದ್ದವು.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೆ. ಹಳೆಯ ಕಾಲದ ಲೋಹ ಕಣ್ಣಿಗೆ ಬಿದ್ದರೆ ಅಗೆಯುವುದನ್ನು ನಿಲ್ಲಿಸಿ. ಯಾವ ಬದುವಿನಿಂದ ಎಷ್ಟು ಹೆಜ್ಜೆ, ಎಷ್ಟು ಆಳ ಎಂದು ಗುರುತಿಡಿ. ಗುಂಡಿನ ಆಕಾರವಿದ್ದರೆ ಮುಟ್ಟಲೇಬೇಡಿ. ದೂರ ಸರಿದು ಪೊಲೀಸರಿಗೆ ತಿಳಿಸಿ. ಬೆಲ್ಜಿಯಮಿನ ಹೊಲಗಳಲ್ಲಿ ಮೊದಲನೆಯ ಮಹಾಯುದ್ಧದ ಗುಂಡುಗಳು ಇಂದಿಗೂ ಉಳುವವರಿಗೆ ಸಿಕ್ಕುತ್ತವೆ; ನೂರು ವರ್ಷವಾದರೂ ಅವುಗಳ ಮದ್ದು ಸತ್ತಿಲ್ಲ. ಬೇರೆ ವಸ್ತುವಾದರೆ ಗ್ರಾಮಾಡಳಿತದವರ ಮೂಲಕ ಜಿಲ್ಲಾಧಿಕಾರಿಗಳಿಗೆ, ಪುರಾತತ್ತ್ವ ಇಲಾಖೆಗೆ ಸುದ್ದಿ ಮುಟ್ಟಿಸಿ. ನೆಲದಲ್ಲಿ ಸಿಕ್ಕ ನಿಧಿಯನ್ನು ತಿಳಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1878ರಷ್ಟು ಹಿಂದೆಯೇ ಬಂದಿದೆ. ಯಂತ್ರ ಹಿಡಿದು ಕೋಟೆ ಕೊತ್ತಲಗಳ ಸುತ್ತ ರಾತ್ರಿ ಅಲೆಯುವವರು ನಿಮ್ಮೂರಿಗೆ ಬಂದರೆ, ಅವರು ಒಯ್ಯುವುದು ಬರಿಯ ತುಕ್ಕು ಕಬ್ಬಿಣವಲ್ಲ ಎಂಬುದು ನೆನಪಿರಲಿ.

ಹೊಲ ನಿಮ್ಮದು. ಅದರಲ್ಲಿ ಬೆಳೆದ ರಾಗಿಯೂ ನಿಮ್ಮದು. ಆದರೆ ಅದರಡಿಯಲ್ಲಿ ಹೆಸರಿಲ್ಲದೆ ಬಿದ್ದವರ ಕಥೆ ಎಲ್ಲರದು. ಅವರು ಬಿಟ್ಟುಹೋದ ಸಾಕ್ಷಿ ಒಂದೇ ಸಲ ಮಾತನಾಡುತ್ತದೆ. ಆ ಹೊತ್ತಿಗೆ ನೀವು ಕೈ ತಡೆದು ನಿಂತರೆ, ಆ ಮಾತು ನಮಗೆಲ್ಲ ಕೇಳಿಸುತ್ತದೆ.