ಹೆರಿಗೆ ಕೋಣೆಯ ಹೊರಗೆ ನಿಂತ ತಂದೆ



ನಮ್ಮ ಊರುಗಳಲ್ಲಿ ಮಡದಿ ಗರ್ಭಿಣಿಯಾದೊಡನೆ ಪತಿಯ ಹೊಣೆ ಖರ್ಚು ಭರಿಸುವುದಕ್ಕೆ ಸೀಮಿತವಾಗಿಬಿಡುತ್ತದೆ. ಏಳನೆಯ ತಿಂಗಳಿಗೆ ಆಕೆ ತವರಿಗೆ ಹೋಗುತ್ತಾಳೆ. ಪತಿ ವಾರಕ್ಕೊಮ್ಮೆ ಹಣ್ಣಿನ ಚೀಲ ಹಿಡಿದು ಬರುವ ಅತಿಥಿಯಾಗುತ್ತಾನೆ.

ನಾನೂ ಹಾಗೆಯೇ ಇದ್ದೆ. ದಾಂಪತ್ಯದ ಹಕ್ಕುಬಾಧ್ಯತೆಗಳ ಕುರಿತು ಮದ್ರಸದಲ್ಲಿ ಓದಿದ್ದೆ. ಒಳ್ಳೆಯ ಅಂಕಗಳೂ ಬಂದಿದ್ದವು! ಆದರೆ ಹೆರಿಗೆ ಯಾವ ಆಸ್ಪತ್ರೆಯಲ್ಲಿ ಎಂಬ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತು ಬಿಗಡಾಯಿಸಿತು. ನಾನು ಮುನಿಸಿಕೊಂಡೆ. ವೈದ್ಯರ ಬಳಿಗೆ ಅತ್ತೆಯೇ ಕರೆದೊಯ್ಯತೊಡಗಿದರು. ವೈದ್ಯರು ಏನೆಂದರೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಮಗು ಜನಿಸಿದಾಗ ಕಿವಿಯಲ್ಲಿ ಅದಾನ್ ಹೇಳಿದೆ, ಏಳನೆಯ ದಿನ ಅಕೀಕಾ ನೆರವೇರಿಸಿದೆ. ನಲ್ವತ್ತು ಕಳೆದು ಮನೆಗೆ ಬಂದ ಮಗುವನ್ನು ಎತ್ತಿಕೊಂಡಾಗ, ಕುತ್ತಿಗೆಗೆ ಕೈ ಆಸರೆ ಕೊಡಬೇಕೆಂಬುದೂ ನನಗೆ ತಿಳಿದಿರಲಿಲ್ಲ. ಪತ್ನಿ ಒಂದು ಮಾತನ್ನೂ ಆಡದೆ ಮಗುವನ್ನು ಮರಳಿ ತೆಗೆದುಕೊಂಡಳು. ಆ ಮೌನ ಅಂದಿನದಾಗಿರಲಿಲ್ಲ, ಗರ್ಭದ ದಿನಗಳಿಂದ ಉಳಿದು ಬಂದದ್ದಾಗಿತ್ತು.

1998ರಿಂದ 2000ದ ನಡುವೆ ಅಮೆರಿಕದ ದೊಡ್ಡ ನಗರಗಳಲ್ಲಿ ಜನಿಸಿದ ಸುಮಾರು 5000 ಮಕ್ಕಳ ಕುಟುಂಬಗಳನ್ನು ಸಂಶೋಧಕರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅಲ್ಲಿಯ ಕುಟುಂಬ ವ್ಯವಸ್ಥೆ ಬೇರೆ, ಒಪ್ಪುತ್ತೇನೆ. ಆದರೆ ಆ ಮಾಹಿತಿಯನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಲೇಖನವೊಂದು ನಮಗೂ ಅನ್ವಯಿಸುವ ವಿಷಯವನ್ನು ತಿಳಿಸಿತು. ಗರ್ಭಕಾಲದಲ್ಲಿ ಜೊತೆಗಿದ್ದ ಪುರುಷರು ಮುಂದೆ ಮಗುವಿನ ಪಾಲನೆಯಲ್ಲೂ ಹೆಚ್ಚು ತೊಡಗಿಕೊಂಡರು. ಗಂಡು ಹೆಣ್ಣಿನ ಸಂಬಂಧ ಗಟ್ಟಿಯಾದುದು ಅದಕ್ಕೊಂದು ಮುಖ್ಯ ಕಾರಣವಾಗಿತ್ತು.

ಮಗುವಿಗೆ ಮೊಲೆಹಾಲು ಬಿಡಿಸುವುದಕ್ಕೂ ತಂದೆತಾಯಿಯರ ಪರಸ್ಪರ ಸಮ್ಮತಿ ಹಾಗೂ ಸಮಾಲೋಚನೆಯನ್ನು ಪವಿತ್ರ ಕುರ್‌ಆನ್ (2:233) ಮುಂದಿಡುತ್ತದೆ. ಗರ್ಭದ ದಿನಗಳಲ್ಲಿ ಮಾತೇ ಇಲ್ಲದ ಮನೆಯಲ್ಲಿ ಹೆರಿಗೆಯ ಬಳಿಕ ಈ ಸಮಾಲೋಚನೆ ಎಲ್ಲಿಂದ ಬರಬೇಕು? ಗಲ್ಫ್‌ನಲ್ಲಿರುವ ನಮ್ಮ ಸಹೋದರರು ಫೋನಿನಲ್ಲಿ ‘ಹಣ ತಲುಪಿತೇ?’ ಎಂದಷ್ಟೇ ಕೇಳದಿರಲಿ, ‘ರಾತ್ರಿ ನಿದ್ದೆ ಬಂತೇ?’ ಎಂದೂ ಕೇಳಲಿ.

ರಜೆಯ ಸಮಸ್ಯೆ ನನಗೆ ಗೊತ್ತಿದೆ. ಕೇಂದ್ರ ಸರಕಾರದ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದೆ. ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಯುವಕರಿಗೆ ಅದೂ ಇಲ್ಲ. ಆದರೆ ತಿಂಗಳಿಗೊಮ್ಮೆ ಪತ್ನಿಯೊಂದಿಗೆ ವೈದ್ಯರ ಮುಂದೆ ಕುಳಿತುಕೊಳ್ಳಲು ಅರ್ಧ ದಿನ ಸಾಕು. ತಾಯಂದಿರೇ, ಆ ಕುರ್ಚಿಯನ್ನು ದಯವಿಟ್ಟು ಅಳಿಯನಿಗೆ ಬಿಟ್ಟುಕೊಡಿ.

ಎರಡನೆಯ ಮಗುವಿನ ವೇಳೆ ವೈದ್ಯರ ಚೀಟಿ ನನ್ನ ಕಿಸೆಯಲ್ಲಿತ್ತು. ಅತ್ತೆಗೆ ಮೊದಮೊದಲು ಅಸಮಾಧಾನವಾಯಿತು. ರಾತ್ರಿ ಮಗುವನ್ನು ಮಲಗಿಸುವ ಸರದಿಯೂ ನನ್ನದೇ ಆದಾಗ ಅವರು ನೆಮ್ಮದಿಯಿಂದ ನಿದ್ದೆ ಹೋದರು.