ಖಾಲಿ ಪೀಪಾಯಿಗಳ ಪೇಟೆ



ದೀಪ ಹಚ್ಚಿದ್ದಾಯಿತು. ಭಾಷಣ ಬೇಗ ಮುಗಿದರೆ ಪ್ರದರ್ಶನ ನೋಡಲು ಒಳಗೆ ಹೋಗಬಹುದು ಎಂದು ಮಕ್ಕಳು ಬಾಗಿಲ ಕಡೆ ನೋಡುತ್ತಿರುವುದು ನನಗೂ ಕಾಣುತ್ತಿದೆ. ಚಿತ್ರಕಲಾ ವಿದ್ಯಾರ್ಥಿಗಳೇ, ಕಥೆಗಳಲ್ಲಷ್ಟೇ ಇರುವ ಊರುಗಳನ್ನು ನೀವು ರಟ್ಟು, ಬಿದಿರು, ಜೇಡಿಮಣ್ಣಿನ ಮಾದರಿಗಳಾಗಿ ಎಬ್ಬಿಸಿ ನಿಲ್ಲಿಸಿದ್ದೀರಿ. ಎಲ್ಲವನ್ನೂ ಹೊಗಳಲು ಹೊರಟರೆ ಯಾವುದನ್ನೂ ನೋಡಿದಂತಾಗುವುದಿಲ್ಲ. ಆದ್ದರಿಂದ ಒಂದೇ ಮೇಜಿನ ಮುಂದೆ ನಿಲ್ಲುತ್ತೇನೆ. ನೀಲಿ ಬಳಿದ ಹಲಗೆಯ ಮೇಲೆ ಬಿದಿರುಕಡ್ಡಿಗಳ ಕಾಲೂರಿ ನಿಂತಿದೆಯಲ್ಲ, ಅದು ಎಸ್ಗರಾತ್. ಜೆ.ಆರ್.ಆರ್. ಟೋಲ್ಕಿನ್ ಅವರ ‘ದ ಹಾಬಿಟ್’ ಕಾದಂಬರಿಯಲ್ಲಿ, ಅಂದರೆ 1937ರಲ್ಲಿ ಹುಟ್ಟಿದ ವ್ಯಾಪಾರದ ಪಟ್ಟಣ. ಸರೋವರದ ನೀರಿನ ಮೇಲೆಯೇ ಇರುವುದರಿಂದ ಲೇಕ್‌ಟೌನ್ ಎಂದೂ ಕರೆಯುತ್ತಾರೆ.

ಪುಸ್ತಕ ಓದಿದವರಿಗೂ ಸಿನಿಮಾ ನೋಡಿದವರಿಗೂ ನೆನಪಿರುವುದು ಸ್ಮಾಗ್ ಎಂಬ ಡ್ರ್ಯಾಗನ್. ಬೆಟ್ಟದೊಳಗೆ ಚಿನ್ನದ ರಾಶಿಯ ಮೇಲೆ ಬಿದ್ದುಕೊಂಡಿದ್ದ ಅದು ಒಂದು ರಾತ್ರಿ ಹಾರಿಬಂದು ಈ ಊರನ್ನು ಸುಡುತ್ತದೆ. ಆದರೆ ಈ ಊರು ಇದ್ದದ್ದು ಹೌದು ಎಂದು ನನ್ನನ್ನು ನಂಬಿಸಿದ್ದು ಡ್ರ್ಯಾಗನ್ ಅಲ್ಲ, ಖಾಲಿ ಪೀಪಾಯಿಗಳು.

ಊರಿನ ಪಶ್ಚಿಮಕ್ಕೆ ದೊಡ್ಡ ಕಾಡು. ಅಲ್ಲಿ ಎಲ್ಫ್‌ಗಳೆಂಬ ಕಾಡುಜನರ ರಾಜ. ಅವನಿಗೆ ದ್ರಾಕ್ಷಾರಸ ಬೇಕು, ಆದರೆ ಅವನ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ. ಹಾಗಾಗಿ ಸರಕು ದೂರದ ದಕ್ಷಿಣದಿಂದ ದೊಡ್ಡ ನದಿಯಲ್ಲಿ ಬರುತ್ತದೆ, ದಾರಿಯಲ್ಲಿ ಜಲಪಾತ ಅಡ್ಡವಾದಲ್ಲಿ ಗಾಡಿಗೇರುತ್ತದೆ, ಎಸ್ಗರಾತ್ ತಲುಪುತ್ತದೆ. ಅಲ್ಲಿಂದ ಪೀಪಾಯಿಗಳನ್ನು ತೆಪ್ಪದಂತೆ ಕಟ್ಟಿ, ಕೋಲೂರಿ, ಕಾಡಿನ ಹೊಳೆಯಲ್ಲಿ ಮೇಲಕ್ಕೆ ಒಯ್ಯುತ್ತಾರೆ. ಬರಿದಾದ ಮೇಲೆ? ಅರಮನೆಯ ನೆಲಮಾಳಿಗೆಯ ಅಡಿಯಲ್ಲೇ ಹೊಳೆ ಹರಿಯುತ್ತದೆ. ನೆಲದಲ್ಲಿರುವ ಬಾಗಿಲು ತೆಗೆದು ಪೀಪಾಯಿಗಳನ್ನು ಉರುಳಿಸಿಬಿಟ್ಟರಾಯಿತು. ತೇಲಿಹೋದವನ್ನು ಕಾಡಿನ ಅಂಚಿನಲ್ಲಿ ಹಿಡಿದು, ಮತ್ತೆ ತೆಪ್ಪ ಕಟ್ಟಿ, ಊರಿಗೆ ಇಳಿಸುತ್ತಾರೆ. ತುಂಬಿದ ಗ್ಯಾಸ್ ಸಿಲಿಂಡರ್ ತಂದವನು ಖಾಲಿಯದನ್ನು ಹೊತ್ತುಕೊಂಡು ಹೋಗುವ ಹಾಗೆ.

ಎಲ್ಫ್ ರಾಜನ ಸೆರೆಯಲ್ಲಿದ್ದ 13 ಕುಬ್ಜರನ್ನು ಬಿಲ್ಬೊ ಎಂಬ ಹಾಬಿಟ್ ಪಾರುಮಾಡಿದ್ದು ಈ ಖಾಲಿ ಪೀಪಾಯಿಗಳಲ್ಲಿ ಅಡಗಿಸಿ. ಬಿಲ್ಬೊ ಬಳಿ ಮಾಯದ ಉಂಗುರವಿತ್ತು, ನಿಜ. ಆದರೆ ಉಂಗುರ ಒಬ್ಬನನ್ನು ಮರೆಮಾಡೀತು ಅಷ್ಟೆ. ಮಿಕ್ಕವರನ್ನು ದಾಟಿಸಿದ್ದು ಖಾಲಿ ಸರಕು ವಾಪಸು ಕಳಿಸುವ ದಿನನಿತ್ಯದ ಕೆಲಸ.

ಇನ್ನೊಂದು ಮಾತು ಆ ಪುಸ್ತಕದಲ್ಲಿ ಬಂದು ಹೋಗುತ್ತದೆ, ಅವಸರದಲ್ಲಿ ಓದುವವರ ಕಣ್ಣಿಗೆ ಬೀಳುವುದಿಲ್ಲ. ಹೊಳೆಯ ಹೂಳೆತ್ತುವುದು, ದಡ ಕಾಯುವುದು ಯಾರ ಹೊಣೆ ಎಂದು ಪಟ್ಟಣದವರಿಗೂ ಎಲ್ಫ್‌ಗಳಿಗೂ ಸದಾ ತಗಾದೆ! ಹೊಳೆಯ ಜಗಳದಲ್ಲಿ ನಮಗೆ ಸಾಕಷ್ಟು ಅನುಭವವಿದೆ, ಹೆಚ್ಚು ವಿವರಿಸಬೇಕಿಲ್ಲ.

ಈಗ ಮಾದರಿಯ ನಡುಭಾಗ ನೋಡಿ. ಎಸ್ಗರಾತ್‌ನ ಪೇಟೆಬೀದಿ ಎಂದರೆ ಬೀದಿಯಲ್ಲ, ಅಲುಗದ ನೀರಿನ ಅಗಲವಾದ ವೃತ್ತ. ಸುತ್ತ ಎತ್ತರದ ಕಂಬಗಳ ಮೇಲೆ ಸಾಹುಕಾರರ ಮನೆಗಳು, ಉದ್ದುದ್ದ ಮರದ ಕಟ್ಟೆಗಳು, ಕಟ್ಟೆಯಿಂದ ನೀರಿಗೆ ಇಳಿಯಲು ಮೆಟ್ಟಿಲು, ಏಣಿ. ನಿಮ್ಮಲ್ಲೊಬ್ಬರು ಬೆಂಕಿಕಡ್ಡಿ ಸೀಳಿ ಆ ಏಣಿಗಳನ್ನು ಮಾಡಿದ್ದೀರಿ. ಕೆಳಗಿನ ಮೂರು ಮೆಟ್ಟಿಲಿಗೆ ಪಾಚಿಯ ಹಸಿರು ಹಚ್ಚಿ, ಮೇಲಿನವನ್ನು ಹಾಗೇ ಬಿಟ್ಟಿದ್ದೀರಿ. ನೀರು ಏರಿ ಇಳಿಯುತ್ತದೆ ಎಂಬುದನ್ನು ಅಷ್ಟರಲ್ಲೇ ಹೇಳಿದಿರಿ. ಬಹುಮಾನ ಕೊಡುವುದು ನನ್ನ ಕೈಯಲ್ಲಿದ್ದಿದ್ದರೆ ಆ ಪಾಚಿಗೆ ಕೊಡುತ್ತಿದ್ದೆ.

ಬರಗಾಲದಲ್ಲಿ ಸರೋವರ ಇಳಿದಾಗ ದಡದ ಉದ್ದಕ್ಕೂ ಇನ್ನೂ ದೊಡ್ಡದಾಗಿದ್ದ ಹಳೆಯ ಊರಿನ ಕೊಳೆತ ಕಂಬಗಳು ಕಾಣುತ್ತಿದ್ದವು ಎನ್ನುತ್ತಾರೆ ಟೋಲ್ಕಿನ್. ಈ ಕಟ್ಟುಕಥೆಗೆ ನಿಜದ ನೆಂಟರಿದ್ದಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರ 1853–54ರ ಚಳಿಗಾಲದಲ್ಲಿ ತೀರ ಇಳಿದಾಗ ಕೆಸರಿನಲ್ಲಿ ಸಾಲುಸಾಲು ಮರದ ಕಂಬಗಳು ಕಂಡವು. ಪುರಾತತ್ವಜ್ಞ ಫರ್ಡಿನಾಂಡ್ ಕೆಲ್ಲರ್ ಅವುಗಳನ್ನು ಅಧ್ಯಯನ ಮಾಡಿ, ಇತಿಹಾಸಪೂರ್ವದ ಜನವಸತಿಯ ಗುರುತುಗಳು ಎಂದರು. ಆಲ್ಪ್ಸ್ ಸುತ್ತಲಿನ ಆರು ದೇಶಗಳ ಅಂಥ 111 ನೆಲೆಗಳು 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಮತ್ತೆ ಮಾದರಿಗೆ ಬರೋಣ. ಎಸ್ಗರಾತ್ ಊರಿನ ಯಜಮಾನನ ಗೊಂಬೆಗೆ ನೀವು ದೊಡ್ಡ ಹೊಟ್ಟೆ ಇಟ್ಟಿದ್ದೀರಿ. ಸಿನಿಮಾದ ಪ್ರಭಾವ ಇರಬೇಕು. ಪುಸ್ತಕದ ಯಜಮಾನ ಕೋಡಂಗಿಯಲ್ಲ, ಚುನಾಯಿತ ವರ್ತಕ, ಲೆಕ್ಕಾಚಾರದ ಮನುಷ್ಯ. ಸೆರೆಯಿಂದ ಪಾರಾದ ಕುಬ್ಜರು ಊರಿಗೆ ಬಂದಾಗ ಜನ ಹಾಡಿ ಕುಣಿದರೆ, ಎಲ್ಫ್ ರಾಜನ ವ್ಯಾಪಾರ ಕೈತಪ್ಪೀತೇ ಎಂದು ಅವನಿಗೆ ದಿಗಿಲು. ಅತಿಥಿಗಳು ಹೊರಟಾಗ ಅವನಿಗೇನೂ ಬೇಸರವಿಲ್ಲ. ಅವರ ಖರ್ಚು ಹೆಚ್ಚು, ಅವರು ಇದ್ದಷ್ಟು ದಿನ ಊರಿಗೆಲ್ಲ ರಜೆ, ವ್ಯವಹಾರ ನಿಂತುಹೋಗಿತ್ತು. ಊರು ಸುಟ್ಟ ಮೇಲೆ ಜನ ತನ್ನ ಮೇಲೆ ತಿರುಗಿಬಿದ್ದಾಗ ಆ ಸಿಟ್ಟನ್ನು ಜಾಣತನದಿಂದ ಕುಬ್ಜರ ಕಡೆ ತಿರುಗಿಸುತ್ತಾನೆ. ಕೊನೆಗೆ ಜನರ ಪರಿಹಾರಕ್ಕೆ ಬಂದ ಚಿನ್ನವನ್ನೇ ಹೊಡೆದುಕೊಂಡು ಓಡಿ, ಪಾಳುನೆಲದಲ್ಲಿ ಹಸಿವಿನಿಂದ ಸಾಯುತ್ತಾನೆ. ಇಂಥವನಿಗೆ ಹೊಟ್ಟೆಗಿಂತ ಕಣ್ಣು ಮುಖ್ಯ. ಸಾಧ್ಯವಾದರೆ ಮುಖವನ್ನು ಇನ್ನೊಮ್ಮೆ ತಿದ್ದಿ.

ಸಭ್ಯತೆ ಮೀರಿ ಒಂದು ದೂರು. ಆಚೆ ಸಾಲಿನ ಕೆಲವು ಊರುಗಳಲ್ಲಿ ಗೋಪುರಗಳು ಮುಗಿಲು ಮುಟ್ಟಿವೆ, ಆದರೆ ಸಂತೆಗೆ ಜಾಗವಿಲ್ಲ, ಬಾವಿಯಿಲ್ಲ, ಗಾಡಿ ಬರುವ ದಾರಿಯೂ ಇಲ್ಲ. ಅಷ್ಟು ಜನ ಊಟಕ್ಕೆ ಏನು ಮಾಡುತ್ತಾರೆ? ಮುಂದಿನ ಊರು ಕಟ್ಟುವ ಮೊದಲು ನಮ್ಮ ಶಾಸನಗಳ ಸಂಪುಟಗಳನ್ನು ತೆರೆದು ನೋಡಿ. ಅಡಿಕೆಗೆ, ಮೆಣಸಿಗೆ, ವೀಳ್ಯದೆಲೆಗೆ, ಎಣ್ಣೆಯ ಗಾಣಕ್ಕೆ ವಿಧಿಸಿದ ಸುಂಕದ ವಿವರಗಳು ಅಲ್ಲಿವೆ. ಐಹೊಳೆಯ ಐನೂರ್ವರಂಥ ವರ್ತಕರ ಸಂಘದ ಮಾತು ಅಲ್ಲಿದೆ. ಅದನ್ನು ಓದಿದವರು ಡ್ರ್ಯಾಗನ್ ಇಲ್ಲದೆಯೂ ಊರು ಕಟ್ಟಬಲ್ಲರು.

ನೋಡಲು ಬಂದವರಲ್ಲಿ ನನ್ನ ವಿನಂತಿ ಇಷ್ಟೆ. ಫೋಟೊ ತೆಗೆದು ಮುಂದೆ ಹೋಗಬೇಡಿ. ಪ್ರತಿ ಮೇಜಿನ ಹಿಂದೆ ಅದನ್ನು ಕಟ್ಟಿದ ಮಕ್ಕಳು ನಿಂತಿರುತ್ತಾರೆ. ನಿಮ್ಮ ಊರಿಗೆ ಉಪ್ಪು ಎಲ್ಲಿಂದ ಬರುತ್ತದೆ, ಸುಂಕ ವಸೂಲಿ ಯಾರದು, ಮಳೆಗಾಲದಲ್ಲಿ ದಾರಿ ಯಾವುದು ಎಂದು ಕೇಳಿ. ಉತ್ತರ ಹೊಳೆಯದಿದ್ದರೆ ಅವರೂ ನೀವೂ ಕೂಡಿ ಹುಡುಕಿ. ಎಸ್ಗರಾತ್‌ನ ಸೇತುವೆಗೆ ಹಾಕಿದ ಅಂಟು ಇನ್ನೂ ಹಸಿಯಿದೆಯಂತೆ, ದಯವಿಟ್ಟು ಮುಟ್ಟಬೇಡಿ. ಪ್ರದರ್ಶನ ಉದ್ಘಾಟನೆಯಾಯಿತೆಂದು ಘೋಷಿಸುತ್ತೇನೆ. ಬನ್ನಿ, ಒಳಗೆ ಹೋಗೋಣ.